ವೀರ್ಯ ಪರೀಕ್ಷೆ: ಸ್ಯಾಂಪಲ್ ಕೊಡುವ ಕ್ರಮ, ರಿಪೋರ್ಟ್ ಓದುವ ಕ್ರಮ

ಮದುವೆಯಾಗಿ ಎರಡು ವರ್ಷ ಕಳೆದರೂ ಮಕ್ಕಳಾಗದಿದ್ದರೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಮೊದಲು ಆಸ್ಪತ್ರೆಗೆ ಹೊರಡುವವಳು ಸೊಸೆ. ಅವಳ ರಕ್ತ ಪರೀಕ್ಷೆ ಆಗುತ್ತದೆ, ಸ್ಕ್ಯಾನಿಂಗ್ ಆಗುತ್ತದೆ, ಟ್ಯೂಬ್ ತೆರೆದಿದೆಯೇ ಎಂದು ನೋಡಲು ಔಷಧಿ ಹಾಯಿಸಿ ಎಕ್ಸ್‌ರೇ ತೆಗೆಯುತ್ತಾರೆ. ಕೆಲವರಿಗೆ ಅರಿವಳಿಕೆ ಕೊಟ್ಟು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸುವ ತನಕವೂ ಹೋಗುತ್ತದೆ. ಇಷ್ಟೆಲ್ಲ ಮುಗಿದ ಮೇಲೆ ಯಾರಿಗೋ ನೆನಪಾಗುತ್ತದೆ, ಗಂಡನ ಪರೀಕ್ಷೆ ಆಗಿಲ್ಲ ಎಂದು. ಮಕ್ಕಳಾಗದ ದಂಪತಿಗಳನ್ನು ಲೆಕ್ಕ ಹಾಕಿದರೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಗಂಡಸಿನ ಮೊದಲ ಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ, ಒಂದು ಡಬ್ಬಿ ಮತ್ತು ಅರ್ಧ ದಿನ ಸಾಕು. ಹಾಗಾಗಿ ಹೆಂಡತಿಯನ್ನು ನೋವಿನ ಪರೀಕ್ಷೆಗಳಿಗೆ ಕಳಿಸುವ ಮೊದಲು ವೀರ್ಯ ಪರೀಕ್ಷೆ ಆಗಿರಬೇಕು. ಆ ಪರೀಕ್ಷೆಯನ್ನು ತಪ್ಪಿಲ್ಲದೆ ಕೊಡುವುದು ಹೇಗೆ, ಬಂದ ಕಾಗದದಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದೆ.

ಮೊದಲು ಒಟ್ಟಿಗಿದ್ದ ತಿಂಗಳು ಎಣಿಸಿ

ಗರ್ಭನಿರೋಧಕ ಏನೂ ಬಳಸದೆ, ನಿಯಮಿತವಾಗಿ ಕೂಡಿಯೂ 12 ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ಪರೀಕ್ಷೆಗೆ ಹೋಗಬೇಕು ಎಂಬುದು ವೈದ್ಯಕೀಯ ಲೆಕ್ಕ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳು ಸಾಕು. ಇಲ್ಲಿ ಎಣಿಸಬೇಕಾದದ್ದು ಮದುವೆಯ ದಿನದಿಂದ ಅಲ್ಲ, ಒಟ್ಟಿಗಿದ್ದ ತಿಂಗಳುಗಳನ್ನು. ಗಂಡ ಗಲ್ಫ್‌ನಲ್ಲಿದ್ದು ವರ್ಷಕ್ಕೊಮ್ಮೆ 40 ದಿನದ ರಜೆಯಲ್ಲಿ ಬರುವವನಾದರೆ ಮೂರು ವರ್ಷದ ದಾಂಪತ್ಯ ಎಂದರೆ 120 ದಿನ. ವೀರ್ಯಾಣು ಹೆಣ್ಣಿನ ದೇಹದೊಳಗೆ ಹೆಚ್ಚೆಂದರೆ 5 ದಿನ ಬದುಕುತ್ತದೆ. ಅಂಡ ಬಿಡುಗಡೆಯಾದ ಮೇಲೆ ಬದುಕುವುದು ಒಂದು ದಿನಕ್ಕಿಂತ ಹೆಚ್ಚಿಲ್ಲ. ಹಾಗಾಗಿ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ದಿನಗಳು ಸುಮಾರು ಆರು. 40 ದಿನದ ರಜೆಯಲ್ಲಿ ಅಂತಹ ಅವಕಾಶ ಒಮ್ಮೆ, ಹೆಚ್ಚೆಂದರೆ ಎರಡು ಬಾರಿ ಸಿಗುತ್ತದೆ. ರಜೆಯ ಟಿಕೆಟ್ ಮಾಡುವಾಗಲೇ ಹೆಂಡತಿಯ ಮುಟ್ಟಿನ ದಿನ ನೋಡಿಕೊಂಡರೆ ಅರ್ಧ ಕೆಲಸ ಆದಂತೆ. 28 ದಿನದ ಚಕ್ರದವರಲ್ಲಿ ಅಂಡ ಬಿಡುಗಡೆ ಸುಮಾರು 14ನೇ ದಿನ. 35 ದಿನದ ಚಕ್ರದವರಲ್ಲಿ ಅದು 21ನೇ ದಿನದ ಹೊತ್ತಿಗೆ, ಅಂದರೆ ಮುಂದಿನ ಮುಟ್ಟಿಗೆ ಎರಡು ವಾರ ಮುಂಚೆ.

ಕೆಲವರು ವರ್ಷ ಕಾಯುವುದು ಬೇಡ. ಹುಟ್ಟುವಾಗ ವೃಷಣ ಕೆಳಗಿಳಿಯದೆ ಆಪರೇಷನ್ ಆದವರು, ಪ್ರಾಯಕ್ಕೆ ಬಂದ ಮೇಲೆ ಮಂಗಬಾವು ಬಂದು ಬೀಜ ಊದಿಕೊಂಡವರು, ಕ್ಯಾನ್ಸರ್ ಚಿಕಿತ್ಸೆ ಆದವರು, ಹರ್ನಿಯಾ ಆಪರೇಷನ್ ಎರಡೂ ಬದಿಗೆ ಆದವರು ಮಗು ಬೇಕು ಎಂದು ತೀರ್ಮಾನಿಸಿದ ದಿನವೇ ಪರೀಕ್ಷೆ ಮಾಡಿಸಬಹುದು.

ಒಳಗೆ ನಡೆಯುವ ಕೆಲಸ

ರಿಪೋರ್ಟಿನ ಒಂದೊಂದು ಅಂಕೆಯೂ ದೇಹದ ಒಂದೊಂದು ಭಾಗದ ಸುದ್ದಿ ಹೇಳುತ್ತದೆ. ಯಾವ ಭಾಗ ಏನು ಮಾಡುತ್ತದೆ ಎಂದು ಗೊತ್ತಿದ್ದರೆ ಅಂಕೆ ನೋಡಿ ಗಾಬರಿಯಾಗುವುದಿಲ್ಲ.

ವೀರ್ಯಾಣು ತಯಾರಾಗುವುದು ವೃಷಣಗಳಲ್ಲಿ. ಬೆಳೆದ ಗಂಡಸಿನ ಒಂದು ವೃಷಣ 15ರಿಂದ 25 ಮಿ.ಲೀ. ಗಾತ್ರದ್ದು. ಅದರೊಳಗೆ ನೂಲಿನ ಉಂಡೆಯಂತೆ ಸುತ್ತಿಕೊಂಡ ಸಣ್ಣ ಕೊಳವೆಗಳಿವೆ, ಬಿಡಿಸಿ ಹಾಸಿದರೆ ನೂರಾರು ಮೀಟರ್ ಆಗುತ್ತದೆ. ಆ ಕೊಳವೆಗಳ ಗೋಡೆಯಲ್ಲಿ ಮೂಲಕಣಗಳು ಒಡೆದು, ಬೆಳೆದು, ಬಾಲ ಮೂಡಿಸಿಕೊಂಡು ವೀರ್ಯಾಣುವಾಗಲು ಸುಮಾರು 70 ದಿನ ಬೇಕು. ಹಾಗೆ ಹುಟ್ಟಿದ ವೀರ್ಯಾಣುವಿಗೆ ಇನ್ನೂ ಈಜಲು ಬಾರದು. ವೃಷಣದ ಹಿಂಬದಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಕೊಳವೆಯಲ್ಲಿ ಅದು ಒಂದೆರಡು ವಾರ ಸಾಗಿ ಪಕ್ವವಾಗುತ್ತದೆ. ಸುತ್ತಿಕೊಂಡಿರುವ ಆ ಕೊಳವೆಯನ್ನು ನೀಳವಾಗಿ ಎಳೆದರೆ ಸುಮಾರು 6 ಮೀಟರ್. ಎರಡೂ ಹಂತ ಸೇರಿ ಹತ್ತಿರ ಹತ್ತಿರ ಮೂರು ತಿಂಗಳು. ಈ ಮೂರು ತಿಂಗಳ ಲೆಕ್ಕ ಮನಸ್ಸಿನಲ್ಲಿರಲಿ. ಇಂದು ಕೊಡುವ ಸ್ಯಾಂಪಲ್‌ನಲ್ಲಿ ಕಾಣುವುದು ಮೂರು ತಿಂಗಳ ಹಿಂದೆ ಶುರುವಾದ ಬೆಳೆ. ಆಟಿಯಲ್ಲಿ (ಜುಲೈ–ಆಗಸ್ಟ್) ಡೆಂಗಿಯೋ ಇಲಿಜ್ವರವೋ ಬಂದು ಮಲಗಿದವರ ಸಂಖ್ಯೆ ಅಕ್ಟೋಬರ್–ನವೆಂಬರ್‌ವರೆಗೂ ಕೆಳಗೇ ಇರಬಹುದು. ಆಮೇಲೆ ತಾನಾಗಿ ಏರುತ್ತದೆ.

ವೃಷಣಕ್ಕೆ ದೇಹದ ಒಳಗಿನ ಶಾಖ ಆಗುವುದಿಲ್ಲ, 2ರಿಂದ 4 ಡಿಗ್ರಿ ಕಡಿಮೆ ಬೇಕು. ಅದಕ್ಕಾಗಿಯೇ ಅದು ಹೊರಗೆ ಚೀಲದಲ್ಲಿ ತೂಗುತ್ತದೆ. ಬೆಳಿಗ್ಗೆ ಬಾವಿಯ ತಣ್ಣೀರು ಹೊಯ್ದುಕೊಂಡಾಗ ಚೀಲದ ಚರ್ಮ ಸುಕ್ಕುಗಟ್ಟಿ ಮೇಲಕ್ಕೆ ಎಳೆದುಕೊಳ್ಳುವುದನ್ನೂ, ಏಪ್ರಿಲ್ ಮಧ್ಯಾಹ್ನ ಅದೇ ಚರ್ಮ ಸಡಿಲಾಗಿ ಇಳಿಬೀಳುವುದನ್ನೂ ಎಲ್ಲ ಗಂಡಸರೂ ಕಂಡಿದ್ದಾರೆ. ಅದು ಶಾಖ ಹದ ಮಾಡುವ ವ್ಯವಸ್ಥೆ. ಒಳಗೆ ಬರುವ ರಕ್ತನಾಳವನ್ನು ಹೊರಹೋಗುವ ಸಿರೆಗಳು ಬಲೆಯಂತೆ ಸುತ್ತಿಕೊಂಡು, ಬರುವ ರಕ್ತದ ಬಿಸಿಯನ್ನು ಹೀರಿಕೊಳ್ಳುತ್ತವೆ.

ಈ ಕಾರ್ಖಾನೆಗೆ ಅಪ್ಪಣೆ ಬರುವುದು ಮೆದುಳಿನಿಂದ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನು ಕಳಿಸುತ್ತದೆ. ಎಲ್‌ಎಚ್ ವೃಷಣದಲ್ಲಿ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ, ಎಫ್‌ಎಸ್‌ಎಚ್ ವೀರ್ಯಾಣುವನ್ನು ಸಾಕುವ ಕಣಗಳನ್ನು ಎಬ್ಬಿಸುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಿದೆ ಎಂದು ಕಂಡರೆ ಮೆದುಳು ಅಪ್ಪಣೆ ನಿಲ್ಲಿಸುತ್ತದೆ. ಜಿಮ್ಮಿನಲ್ಲಿ ಮೈ ಕಟ್ಟಲು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚಿಸಿಕೊಂಡವರ ವೀರ್ಯಾಣು ಸೊನ್ನೆಗೆ ಇಳಿಯುವುದು ಇದರಿಂದಲೇ. ಹೊರಗಿನಿಂದ ಹಾರ್ಮೋನು ಬಂತೆಂದು ಒಳಗಿನ ಕಾರ್ಖಾನೆ ಬಾಗಿಲು ಹಾಕುತ್ತದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಮರಳಿ ತೆರೆಯಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಶಕ್ತಿ ಬರಲಿ ಎಂದು ಮಗು ಬೇಕಾದವರಿಗೇ ಈ ಇಂಜೆಕ್ಷನ್ ಕೊಡುವುದು ಪೂರ್ತಿ ತಪ್ಪು.

ಎಪಿಡಿಡಿಮಿಸ್‌ನಿಂದ ಹೊರಟ ವೀರ್ಯನಾಳ ತೊಡೆಸಂದಿನ ಮೂಲಕ ಹೊಟ್ಟೆಯೊಳಗೆ ಏರಿ, ಮೂತ್ರಕೋಶದ ಹಿಂದೆ ಸುತ್ತಿ ಬರುತ್ತದೆ. ಅಲ್ಲಿ ವೀರ್ಯಕೋಶಗಳ ನಾಳ ಅದನ್ನು ಕೂಡುತ್ತದೆ. ಕೂಡಿದ ನಾಳ ಪ್ರಾಸ್ಟೇಟ್ ಗ್ರಂಥಿಯನ್ನು ತೂರಿ ಮೂತ್ರನಾಳಕ್ಕೆ ಸೇರುತ್ತದೆ. ಹೊರಬರುವ ವೀರ್ಯದಲ್ಲಿ ಮೂರರಲ್ಲಿ ಎರಡು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ವೀರ್ಯಕೋಶದ ದ್ರವ. ಅದರಲ್ಲಿ ಫ್ರಕ್ಟೋಸ್ ಎಂಬ ಸಕ್ಕರೆ ಇದೆ, ಅದು ಕ್ಷಾರೀಯ. ನಾಲ್ಕರಲ್ಲಿ ಒಂದು ಪಾಲಿನಷ್ಟು ಪ್ರಾಸ್ಟೇಟಿನದು, ಅದು ತುಸು ಆಮ್ಲೀಯ, ಸತು ಇರುವಂಥದ್ದು. ವೃಷಣದಿಂದ ಬಂದ ಪಾಲು ನೂರರಲ್ಲಿ ಐದಕ್ಕಿಂತಲೂ ಕಡಿಮೆ. ವೀರ್ಯ ಎಷ್ಟು ಬಂತು, ದಪ್ಪವೇ ತೆಳುವೇ ಎಂದು ಕಣ್ಣಿನಲ್ಲಿ ನೋಡಿ ವೀರ್ಯಾಣು ಎಷ್ಟಿದೆ ಎಂದು ಹೇಳಲಾಗದು. ಸಂತಾನಹರಣ ಆಪರೇಷನ್ ಆದವರಿಗೂ ವೀರ್ಯ ಮೊದಲಿನಷ್ಟೇ ಬರುತ್ತದೆ, ಒಳಗೆ ವೀರ್ಯಾಣು ಮಾತ್ರ ಇರುವುದಿಲ್ಲ. ನಿಮಿರುವಿಕೆಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ನಿಮಿರುವುದು ನರ ಮತ್ತು ರಕ್ತದ ಕೆಲಸ. ಸಂಸಾರ ಚೆನ್ನಾಗಿ ನಡೆಸುವ ಗಂಡಸಿನ ರಿಪೋರ್ಟಿನಲ್ಲೂ ಸೊನ್ನೆ ಬರಬಹುದು. ಅದು ಗಂಡಸುತನದ ಕೊರತೆ ಅಲ್ಲವೇ ಅಲ್ಲ.

ಒಂದು ಮುಖ್ಯ ಸಂಗತಿ: ಸ್ಖಲನವಾಗುವಾಗ ಮೊದಲು ಚಿಮ್ಮುವ ಹನಿಗಳಲ್ಲೇ ಹೆಚ್ಚಿನ ವೀರ್ಯಾಣು ಇರುತ್ತದೆ. ಆಮೇಲೆ ಬರುವುದು ಬಹುಪಾಲು ವೀರ್ಯಕೋಶದ ದ್ರವ. ಸ್ಯಾಂಪಲ್ ಕೊಡುವವರು ಮಾಡುವ ದೊಡ್ಡ ತಪ್ಪು ಇಲ್ಲೇ ಆಗುತ್ತದೆ.

ಸ್ಯಾಂಪಲ್ ಕೊಡುವುದು

ಹಿಂದಿನ ಸ್ಖಲನದಿಂದ ಕನಿಷ್ಠ 2 ದಿನ, ಗರಿಷ್ಠ 7 ದಿನದ ಅಂತರ ಇರಬೇಕು. ಸ್ವಪ್ನದಲ್ಲಿ ಆದದ್ದೂ ಲೆಕ್ಕಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಕೂಡಿಟ್ಟರೆ ಬಲ ಹೆಚ್ಚುತ್ತದೆ ಎಂಬ ನಂಬಿಕೆ ಬಲವಾಗಿದೆ. ನಿಜ ಸಂಗತಿ ಬೇರೆ: ಹಳೆಯ ವೀರ್ಯಾಣು ಸತ್ತು ಸೇರುತ್ತಾ ಹೋಗಿ ಚಲನೆಯ ಅಂಕೆ ಕೆಳಗಿಳಿಯುತ್ತದೆ. ಎರಡನೇ ಸಲ ಪರೀಕ್ಷೆ ಮಾಡಿಸುವಾಗಲೂ ಮೊದಲ ಸಲದಷ್ಟೇ ದಿನಗಳ ಅಂತರ ಇಟ್ಟುಕೊಂಡರೆ ಎರಡು ರಿಪೋರ್ಟುಗಳನ್ನು ಹೋಲಿಸಲು ಸುಲಭ.

ಕಾಸರಗೋಡಿನ ಲ್ಯಾಬುಗಳಲ್ಲಿ ಸೂಚನೆ ಮಲಯಾಳದಲ್ಲಿರುವುದು ಹೆಚ್ಚು. ‘ಶುಕ್ಲಂ’ ಎಂದರೆ ವೀರ್ಯ. ‘ಬೀಜಂ’ ಎಂದರೆ ಅವರಲ್ಲಿ ವೀರ್ಯಾಣು, ನಮ್ಮ ಆಡುಮಾತಿನಲ್ಲಿ ಬೀಜ ಎಂದರೆ ವೃಷಣ. ಡಾಕ್ಟರ ಎದುರು ಈ ಒಂದು ಪದ ಅಡ್ಡ ಬಂದರೆ ಮಾತು ಎಲ್ಲಿಗೋ ಹೋಗುತ್ತದೆ. ‘ಪನಿ’ ಬಂದಿತ್ತೇ ಎಂದು ಕೇಳಿದರೆ ಜ್ವರದ ವಿಚಾರ. ಮೂರು ತಿಂಗಳೊಳಗೆ ಜ್ವರ ಬಂದಿದ್ದರೆ ತಪ್ಪದೆ ಹೇಳಿ. ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ.

ಡಬ್ಬಿ ಲ್ಯಾಬಿನವರು ಕೊಟ್ಟದ್ದೇ ಆಗಬೇಕು. ಅಗಲ ಬಾಯಿಯ, ಒಳಗೆ ಒದ್ದೆ ಇಲ್ಲದ, ಕ್ರಿಮಿರಹಿತ ಪ್ಲಾಸ್ಟಿಕ್ ಡಬ್ಬಿ. ಮನೆಯ ಔಷಧಿ ಬಾಟಲಿ, ತೊಳೆದ ಜಾಮ್ ಬಾಟಲಿ ಬೇಡ. ಸೋಪಿನ ಅಂಶ ಉಳಿದರೂ ವೀರ್ಯಾಣು ಸಾಯುತ್ತದೆ. ಮೊದಲು ಮೂತ್ರ ಮಾಡಿ. ಕೈಯನ್ನೂ ಶಿಶ್ನವನ್ನೂ ಸೋಪು ಹಚ್ಚಿ ತೊಳೆದು, ಸೋಪು ಪೂರ್ತಿ ಹೋಗುವಂತೆ ನೀರು ಹೊಯ್ದು, ಒರೆಸಿ ಒಣಗಿಸಿ. ಸಂಗ್ರಹಿಸುವುದು ಹಸ್ತಮೈಥುನದಿಂದ. ತೆಂಗಿನೆಣ್ಣೆ, ಜೆಲ್, ಎಂಜಲು ಏನನ್ನೂ ಹಚ್ಚಬಾರದು. ಅಂಗಡಿಯ ಕಾಂಡೋಮಿನಲ್ಲಿ ಹಿಡಿದು ತಂದದ್ದು ಕೆಲಸಕ್ಕೆ ಬಾರದು, ಅದರ ಲೇಪ ವೀರ್ಯಾಣುವಿಗೆ ವಿಷ. ಕೂಡುವಾಗ ಹೊರತೆಗೆದು ಹಿಡಿಯುವ ಕ್ರಮವೂ ಸರಿಯಲ್ಲ, ಮೊದಲ ಹನಿ ಹೋಗಿಯೇ ಬಿಡುತ್ತದೆ.

ಸ್ಖಲನ ಹತ್ತಿರವಾಗುವ ಮೊದಲೇ ಡಬ್ಬಿಯ ಮುಚ್ಚಳ ತೆಗೆದಿರಬೇಕು. ಮೊದಲ ಹನಿಯಿಂದ ಕೊನೆಯ ಹನಿವರೆಗೆ ಎಲ್ಲವೂ ಡಬ್ಬಿಗೆ ಬೀಳಬೇಕು. ಚೆಲ್ಲಿಹೋದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಮೊದಲ ಭಾಗ ಹೋಯಿತೋ ಕೊನೆಯದೋ ಎಂದು ಕೌಂಟರಿನಲ್ಲಿ ಹೇಳಿ, ಚೀಟಿಯಲ್ಲಿ ಬರೆಸಿ. ಮೊದಲ ಹನಿ ನೆಲಕ್ಕೆ ಬಿದ್ದು ಉಳಿದದ್ದನ್ನು ಮಾತ್ರ ಕೊಟ್ಟರೆ ಚೆನ್ನಾಗಿರುವವನ ರಿಪೋರ್ಟಿನಲ್ಲೂ ಸಂಖ್ಯೆ ಕಡಿಮೆ ಎಂದು ಬರುತ್ತದೆ. ಆಮೇಲೆ ಬೇಡದ ಚಿಕಿತ್ಸೆ ಶುರುವಾಗುತ್ತದೆ. ಅಂಥ ದಿನ ಇನ್ನೊಂದು ದಿನಾಂಕ ಕೇಳಿ ಹೊಸದಾಗಿ ಕೊಡುವುದೇ ಒಳ್ಳೆಯದು. ಡಬ್ಬಿಯ ಮೇಲೆ ಹೆಸರು, ದಿನಾಂಕ, ಸಂಗ್ರಹಿಸಿದ ಗಂಟೆ ನಿಮಿಷ ಬರೆದಿದೆಯೇ ನೋಡಿಕೊಳ್ಳಿ.

ಸ್ಯಾಂಪಲ್ 30 ನಿಮಿಷದೊಳಗೆ ಲ್ಯಾಬಿನವರ ಕೈ ಸೇರಿದರೆ ಒಳ್ಳೆಯದು. ಒಂದು ಗಂಟೆಯೊಳಗೆ ಸೂಕ್ಷ್ಮದರ್ಶಕದಡಿ ಹೋಗಲೇಬೇಕು. ಅಡೂರು, ಬಂದಡ್ಕ, ಮುಳ್ಳೇರಿಯಾ ಕಡೆಯಿಂದ ಬಸ್ಸಿನಲ್ಲಿ ಪೇಟೆಗೆ ಬರುವವರು ಮನೆಯಲ್ಲಿ ಸಂಗ್ರಹಿಸಿ ತರುವ ಯೋಚನೆಯನ್ನೇ ಬಿಡಬೇಕು, ಲ್ಯಾಬಿನ ಕೋಣೆಯಲ್ಲೇ ಕೊಡಬೇಕು. ಪೇಟೆಯ ಹತ್ತಿರವೇ ಮನೆ ಇದ್ದವರು ಲ್ಯಾಬಿನ ಒಪ್ಪಿಗೆ ಪಡೆದು ಮನೆಯಿಂದ ತರಬಹುದು. ದಾರಿಯಲ್ಲಿ 20 ಡಿಗ್ರಿಗಿಂತ ತಣ್ಣಗೂ 37 ಡಿಗ್ರಿಗಿಂತ ಬಿಸಿಯೂ ಆಗಬಾರದು. ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗಿ ನೆಟ್ಟಗೆ ಇಟ್ಟುಕೊಳ್ಳಿ. ಬಿಸಿಲಿಗೆ ನಿಂತ ಸ್ಕೂಟರಿನ ಡಿಕ್ಕಿ ಬೇಡ, ಐಸ್ ಡಬ್ಬಿಯೂ ಬೇಡ, ಫ್ರಿಜ್ಜಂತೂ ಬೇಡವೇ ಬೇಡ.

ಲ್ಯಾಬಿನ ಆ ಸಣ್ಣ ಕೋಣೆಯಲ್ಲಿ, ಹೊರಗೆ ಜನ ಕಾಯುತ್ತಿರುವಾಗ, ಎಷ್ಟೋ ಗಂಡಸರಿಗೆ ಆಗುವುದೇ ಇಲ್ಲ. ಇದು ಸಾಮಾನ್ಯ, ರೋಗ ಅಲ್ಲ. ಹೆಂಡತಿ ಒಳಗೆ ಬರಬಹುದೇ ಎಂದು ಮೊದಲೇ ಕೇಳಿ, ಹೆಚ್ಚಿನ ಕಡೆ ಒಪ್ಪುತ್ತಾರೆ. ವೀರ್ಯಾಣುವಿಗೆ ಹಾನಿ ಮಾಡದ ವಿಶೇಷ ಕಾಂಡೋಮ್ ಇರುವ ಲ್ಯಾಬುಗಳೂ ಉಂಟು. ಪೇಟೆಯಲ್ಲಿ ಗುರುತಿನವರು ಸಿಗುತ್ತಾರೆ ಎಂಬ ಸಂಕೋಚಕ್ಕೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಪರೀಕ್ಷೆ ಆಗುವುದು ಮುಖ್ಯ, ಎಲ್ಲಿ ಎಂಬುದು ಆಮೇಲಿನ ಮಾತು. ಆದರೆ ಹೋಗುವ ಕಡೆ ದಿನಾ ಈ ಪರೀಕ್ಷೆ ಮಾಡುವ ಕೈ ಇರಬೇಕು. ಅಪರೂಪಕ್ಕೊಂದು ಮಾಡುವ ಲ್ಯಾಬಿನಲ್ಲಿ ಎಣಿಕೆಯೇ ತಪ್ಪುತ್ತದೆ.

ಲ್ಯಾಬಿನೊಳಗೆ ಏನು ಮಾಡುತ್ತಾರೆ

ಹೊರಬಂದ ಕೂಡಲೇ ವೀರ್ಯ ಗಂಜಿಯ ಕೆನೆಯಂತೆ ಹೆಪ್ಪುಗಟ್ಟಿಕೊಳ್ಳುತ್ತದೆ. 15ರಿಂದ 30 ನಿಮಿಷದಲ್ಲಿ ಪ್ರಾಸ್ಟೇಟಿನ ಕಿಣ್ವಗಳು ಆ ಹೆಪ್ಪನ್ನು ಬಿಡಿಸಿ ನೀರಾಗಿಸುತ್ತವೆ. ರಿಪೋರ್ಟಿನಲ್ಲಿ ‘ಲಿಕ್ವಿಫ್ಯಾಕ್ಷನ್ ಟೈಮ್’ ಎಂದು ಬರೆಯುವುದು ಇದನ್ನೇ. ನಂತರ ಚೆನ್ನಾಗಿ ಕಲಸಿ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡುತ್ತಾರೆ. ಚಲಿಸುವುದೆಷ್ಟು ಎಂದು ತಿಳಿಯಲು ಕನಿಷ್ಠ 200 ವೀರ್ಯಾಣುಗಳನ್ನು ಎಣಿಸಿ, ಇನ್ನೊಂದು ಹನಿಯಲ್ಲಿ ಮತ್ತೆ 200 ಎಣಿಸಿ, ಎರಡೂ ತಾಳೆಯಾಗುತ್ತದೆಯೇ ನೋಡಬೇಕೆಂಬುದು ನಿಯಮ. ಕೆಲವು ಬಾಣದಂತೆ ನೇರ ಸಾಗುತ್ತವೆ, ಕೆಲವು ನಿಂತಲ್ಲೇ ಬಾಲ ಬಡಿಯುತ್ತವೆ, ಕೆಲವು ಅಲುಗುವುದಿಲ್ಲ. ನೇರ ಸಾಗುವುದು ‘ಪ್ರೋಗ್ರೆಸಿವ್’, ನಿಂತಲ್ಲೇ ಬಡಿಯುವುದು ‘ನಾನ್ ಪ್ರೋಗ್ರೆಸಿವ್’, ಅಲುಗದ್ದು ‘ಇಮ್ಮೊಟೈಲ್’. ಅಲುಗದ್ದೆಲ್ಲ ಸತ್ತದ್ದು ಅಲ್ಲ. ಅಲುಗದವು ತೀರ ಹೆಚ್ಚಿದ್ದಾಗ ಬಣ್ಣ ಹಾಕಿ ಜೀವ ಇದೆಯೇ ಎಂದು ಬೇರೆಯಾಗಿ ನೋಡುತ್ತಾರೆ.

ಅಂಕೆಗಳ ಅರ್ಥ

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಆರನೇ ಕೈಪಿಡಿಯ ಪ್ರಕಾರ ಕೆಳಮಿತಿಗಳು ಹೀಗಿವೆ: ಪರಿಮಾಣ 1.4 ಮಿ.ಲೀ.; ಒಂದು ಮಿ.ಲೀ.ಯಲ್ಲಿ ವೀರ್ಯಾಣು 16 ಮಿಲಿಯನ್, ಅಂದರೆ 1 ಕೋಟಿ 60 ಲಕ್ಷ. ಇಡೀ ಸ್ಯಾಂಪಲ್‌ನಲ್ಲಿ 39 ಮಿಲಿಯನ್. ಒಟ್ಟು ಚಲನೆ ಶೇ. 42; ನೇರ ಸಾಗುವುದು ಶೇ. 30; ಜೀವಂತ ಇರುವುದು ಶೇ. 54, ಆಕಾರ ಸರಿ ಇರುವುದು ಶೇ. 4. ಪಿಎಚ್, ಅಂದರೆ ಆಮ್ಲ–ಕ್ಷಾರದ ಅಳತೆ, 7.2ಕ್ಕಿಂತ ಕೆಳಗಿರಬಾರದು. ನಿಮ್ಮ ರಿಪೋರ್ಟಿನಲ್ಲಿ 15 ಮಿಲಿಯನ್ ಎಂದಿದ್ದರೆ ಅದು 2010ರ ಕೈಪಿಡಿಯ ಮಿತಿ, 20 ಮಿಲಿಯನ್ ಎಂದಿದ್ದರೆ ಅದಕ್ಕೂ ಹಿಂದಿನದು. ಆ 20ರ ಮಿತಿ ಅಚ್ಚಾಗಿರುವ ಕಾಗದದಲ್ಲಿ 18 ಮಿಲಿಯನ್ ಇದ್ದವನಿಗೂ ‘ಕಡಿಮೆ’ ಎಂಬ ಗುರುತು ಬೀಳುತ್ತದೆ.

ಈ ಮಿತಿಗಳು ಪಾಸು ಫೇಲಿನ ಗೆರೆ ಅಲ್ಲ. ಒಂದು ವರ್ಷದೊಳಗೆ ಹೆಂಡತಿ ಬಸುರಾದ ಗಂಡಸರ ವೀರ್ಯವನ್ನು ಪರೀಕ್ಷಿಸಿ, ಅವರಲ್ಲಿ ತೀರ ಕೆಳಗಿನ ಶೇ. 5 ಮಂದಿ ಎಲ್ಲಿ ನಿಲ್ಲುತ್ತಾರೋ ಅಲ್ಲಿ ಹಾಕಿದ ಗೆರೆ ಅದು. ಅಂದರೆ ಗೆರೆಯ ಕೆಳಗಿದ್ದೂ ಅಪ್ಪನಾದವರು ಆ ಲೆಕ್ಕದೊಳಗೇ ಇದ್ದಾರೆ. ಗೆರೆಯ ಮೇಲಿದ್ದೂ ಆಗದವರು ಎಷ್ಟೋ ಮಂದಿ.

ಹೆಚ್ಚು ಹೆದರಿಸುವುದು ಆಕಾರದ ಸಾಲು. ‘ಅಬ್ನಾರ್ಮಲ್ 96%’ ಎಂದು ದಪ್ಪ ಅಕ್ಷರದಲ್ಲಿ ಕಂಡಾಗ ಹುಟ್ಟುವ ಮಗುವಿಗೆ ಅಂಗವೈಕಲ್ಯ ಬರುತ್ತದೋ ಎಂದು ಮನೆಯಲ್ಲಿ ಅಳು ಶುರುವಾಗುತ್ತದೆ. ನೂರರಲ್ಲಿ ನಾಲ್ಕು ಸರಿ ಇದ್ದರೆ ಅದೇ ಸಹಜ. ತಲೆ ತುಸು ದುಂಡಗೆ, ಕುತ್ತಿಗೆ ತುಸು ವಕ್ರ ಇದ್ದದ್ದನ್ನೆಲ್ಲ ಬದಿಗಿಟ್ಟು ಅತಿ ಬಿಗಿಯಾಗಿ ಎಣಿಸುವ ಕ್ರಮ ಅದು. ಆ ಅಂಕೆಗೂ ಮಗುವಿನ ಅಂಗಾಂಗಕ್ಕೂ ಸಂಬಂಧವಿಲ್ಲ.

ಎರಡನೆಯದು ‘ಪಸ್ ಸೆಲ್’. ವೀರ್ಯದಲ್ಲಿ ದುಂಡಗಿನ ಕಣಗಳು ಕಂಡರೆ ಅವು ಕೀವಿನ ಕಣಗಳೇ ಆಗಬೇಕೆಂದಿಲ್ಲ. ಬೆಳೆಯುವ ಮೊದಲೇ ಉದುರಿದ ವೀರ್ಯಾಣುವಿನ ಮೂಲಕಣಗಳೂ ಹಾಗೆಯೇ ಕಾಣುತ್ತವೆ. ಬೇರ್ಪಡಿಸಲು ಪೆರಾಕ್ಸಿಡೇಸ್ ಎಂಬ ಬಣ್ಣದ ಪರೀಕ್ಷೆ ಉಂಟು. ಮಿ.ಲೀ.ಗೆ 10 ಲಕ್ಷಕ್ಕಿಂತ ಹೆಚ್ಚು ಬಿಳಿಕಣ ಎಂದು ಅದರಲ್ಲಿ ಖಚಿತವಾದರೆ ಮಾತ್ರ ಸೋಂಕನ್ನು ಹುಡುಕಬೇಕು. ಉರಿಮೂತ್ರ ಇಲ್ಲ, ನೋವಿಲ್ಲ, ಜ್ವರವಿಲ್ಲ, ಆದರೂ ‘ಪಸ್ ಸೆಲ್ 4–6’ ಎಂದು ಬರೆದಿದೆಯೆಂದು ತಿಂಗಳುಗಟ್ಟಲೆ ಆ್ಯಂಟಿಬಯೋಟಿಕ್ ನುಂಗುವುದರಲ್ಲಿ ಅರ್ಥವಿಲ್ಲ.

ಈಗ ಒಂದು ಕಾಗದವನ್ನು ಕೈಯಲ್ಲಿ ಹಿಡಿದು ಓದೋಣ. ಪರಿಮಾಣ 1.8 ಮಿ.ಲೀ., ಪಿಎಚ್ 7.6, ಮಿ.ಲೀ.ಗೆ 14 ಮಿಲಿಯನ್, ನೇರ ಸಾಗುವುದು 34, ನಿಂತಲ್ಲೇ ಬಡಿಯುವುದು 10, ಅಲುಗದ್ದು 56, ಆಕಾರ 3. ಮೊದಲು ಗುಣಿಸಿ: 14ನ್ನು 1.8ರಿಂದ ಗುಣಿಸಿದರೆ 25.2 ಮಿಲಿಯನ್. ಬೇಕಾದದ್ದು 39, ಹಾಗಾಗಿ ಒಟ್ಟು ಸಂಖ್ಯೆ ಕಡಿಮೆ. ಚಲನೆ 34ಕ್ಕೆ 10 ಸೇರಿಸಿದರೆ 44, ಅದು ಮಿತಿಯ ಮೇಲೆ. ನೇರ ಸಾಗುವುದೂ ಮಿತಿಯ ಮೇಲೆ. ಪರಿಮಾಣ, ಪಿಎಚ್ ಸರಿ ಇರುವುದರಿಂದ ವೀರ್ಯಕೋಶ, ಪ್ರಾಸ್ಟೇಟ್, ದಾರಿ ಸರಿ ಇದೆ ಎಂದು ಊಹಿಸಬಹುದು. ಕೊನೆಗೆ 25.2ರ ಶೇ. 34 ತೆಗೆಯಿರಿ: ಸುಮಾರು 8.6 ಮಿಲಿಯನ್, ಅಂದರೆ 86 ಲಕ್ಷ ವೀರ್ಯಾಣು ನೇರ ಈಜುತ್ತಿವೆ. ಒಂದೊಂದು ಶೇಕಡಾವಾರಿಗಿಂತ ಈ ಕೊನೆಯ ಅಂಕೆ ಹೆಚ್ಚು ಮಾತಾಡುತ್ತದೆ. ವೀರ್ಯವನ್ನು ತೊಳೆದು ಗರ್ಭಕೋಶಕ್ಕೆ ಬಿಡುವ ಐಯುಐ ಮಾಡಿ ಪ್ರಯೋಜನ ಉಂಟೇ ಎಂದು ಡಾಕ್ಟರು ತೂಗುವುದೂ ಇದನ್ನು ನೋಡಿಯೇ. 50 ಲಕ್ಷಕ್ಕಿಂತ ಕಡಿಮೆ ಇದ್ದರೆ ಐಯುಐ ಫಲಿಸುವುದು ಕಡಿಮೆ. ಈ ಕಾಗದದ ಗಂಡಸಿಗೆ ಹೇಳಬೇಕಾದದ್ದು ಇಷ್ಟು: ಒಂದೇ ರಿಪೋರ್ಟಿನಿಂದ ಏನನ್ನೂ ತೀರ್ಮಾನಿಸಬೇಡ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸು, ನಡುವೆ ಡಾಕ್ಟರಿಗೆ ಮೈ ತೋರಿಸು. ಒಬ್ಬನೇ ಮನುಷ್ಯನ ಅಂಕೆ ಒಂದು ತಿಂಗಳಿಂದ ಇನ್ನೊಂದು ತಿಂಗಳಿಗೆ ಎರಡು ಪಟ್ಟು ಏರಿಳಿಯುವುದೂ ಉಂಟು. ಈಚೆಗೆ ಜ್ವರ ಬಂದವರು ಮೂರು ತಿಂಗಳು ಕಾಯಬೇಕು.

ಕಡಿಮೆ ಬಂದರೆ ಎಲ್ಲಿ ಹುಡುಕುವುದು

ಕಾಗದ ನೋಡಿ ಮಾತ್ರೆ ಬರೆದುಕೊಡುವಲ್ಲಿಗೆ ಮುಗಿಯಬಾರದು. ಡಾಕ್ಟರು ವೃಷಣವನ್ನು ಕೈಯಿಂದ ಮುಟ್ಟಿ ನೋಡಲೇಬೇಕು, ನಿಲ್ಲಿಸಿ ಒಮ್ಮೆ, ಮಲಗಿಸಿ ಒಮ್ಮೆ. ನಿಂತಾಗ ಎಡಬದಿಯ ಚೀಲದಲ್ಲಿ ಎರೆಹುಳಗಳ ಗಂಟು ಸಿಕ್ಕಂತೆ ಮೆತ್ತಗೆ ಕೈಗೆ ತಾಗಿ, ಮಲಗಿದಾಗ ಅದು ಮಾಯವಾದರೆ ವೆರಿಕೋಸೀಲ್, ಅಂದರೆ ಸಿರೆಗಳು ಉಬ್ಬಿಕೊಂಡಿರುವುದು. ಎಡಗಡೆಯ ಸಿರೆ ಮೂತ್ರಪಿಂಡದ ಸಿರೆಗೆ ನೆಟ್ಟಗೆ ಹೋಗಿ ಸೇರುವುದರಿಂದ ರಕ್ತ ಹಿಂದೆ ಒತ್ತುತ್ತದೆ, ಹಾಗಾಗಿ ಎಡಕ್ಕೇ ಹೆಚ್ಚು. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ಇದು ಇರುತ್ತದೆ, ಅವರಲ್ಲಿ ಹಲವರಿಗೆ ಮಕ್ಕಳಾಗಿವೆ. ಕೈಗೆ ಸಿಗುವಷ್ಟು ದೊಡ್ಡದಿದ್ದು, ರಿಪೋರ್ಟೂ ಕಡಿಮೆ ಇದ್ದರೆ ಆಪರೇಷನ್ನಿನಿಂದ ಪ್ರಯೋಜನ ಉಂಟು. ಸ್ಕ್ಯಾನಿಂಗಿನಲ್ಲಿ ಮಾತ್ರ ಕಾಣುವ ಸಣ್ಣದಕ್ಕೆ ಆಪರೇಷನ್ ಬೇಡ. ಬಲಗಡೆ ಮಾತ್ರ ಹೊಸದಾಗಿ ಕಾಣಿಸಿಕೊಂಡರೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಒಳಗೆ ಗಡ್ಡೆ ಏನಾದರೂ ಒತ್ತುತ್ತಿದೆಯೇ ನೋಡಬೇಕು.

ಶಾಖದ ಕೆಲಸ ಮಾಡುವವರು, ಬೇಕರಿಯ ಭಟ್ಟಿಯ ಮುಂದೆ ನಿಲ್ಲುವವರು, ದಿನಕ್ಕೆ ಹತ್ತು ಗಂಟೆ ಲಾರಿ ಓಡಿಸುವವರು, ಸಾಧ್ಯವಿದ್ದಷ್ಟು ನಡುನಡುವೆ ಎದ್ದು ಹೋಗಬೇಕು. ಬಿಗಿಯಾದ ಒಳಚಡ್ಡಿಗಿಂತ ಸಡಿಲದ್ದು, ಮನೆಯಲ್ಲಿ ಲುಂಗಿ ಒಳ್ಳೆಯದು. ಬೀಡಿ, ಸಿಗರೇಟು, ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು, ದಿನನಿತ್ಯದ ಕುಡಿತ, ಅತಿ ತೂಕ ಇವು ಸಂಖ್ಯೆಯನ್ನೂ ಚಲನೆಯನ್ನೂ ಕುಗ್ಗಿಸುತ್ತವೆ. ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಗೋ ಸಂಧಿವಾತಕ್ಕೋ ಕೊಡುವ ಸಲ್ಫಾಸಲಜೀನ್ ಮಾತ್ರೆಯಿಂದ ಇಳಿದ ಸಂಖ್ಯೆ ಮಾತ್ರೆ ಬದಲಿಸಿದರೆ ಮರಳುತ್ತದೆ. ಆದರೆ ಡಾಕ್ಟರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಔಷಧಿ ಸಿಂಪಡಣೆಯ ವಿಚಾರ ನಮ್ಮ ಜಿಲ್ಲೆಯಲ್ಲಿ ಬಿಟ್ಟು ಮಾತಾಡುವಂತಿಲ್ಲ. ಕೀಟನಾಶಕ ವೃಷಣಕ್ಕೆ ನೇರ ಹಾನಿ ಮಾಡಬಲ್ಲದು ಎಂದು ಜಗತ್ತು ಕಂಡದ್ದು 1977ರಲ್ಲಿ, ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರಲ್ಲಿ ಡಿಬಿಸಿಪಿ ತಯಾರಿಸುವ ಕೆಲಸಗಾರರ ವೀರ್ಯದಲ್ಲಿ ವೀರ್ಯಾಣು ಕಾಣದೆ ಹೋದಾಗ. ಇಲ್ಲಿ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ 10ರಿಂದ 19 ವಯಸ್ಸಿನ ಗಂಡುಮಕ್ಕಳನ್ನು ಪರೀಕ್ಷಿಸಿ, ಸಿಂಪಡಣೆ ಇಲ್ಲದ ಊರಿನ ಮಕ್ಕಳಿಗಿಂತ ಇವರು ಪ್ರಾಯಕ್ಕೆ ಬರುವುದು ತಡವಾಗಿದೆ, ಹಾರ್ಮೋನಿನಲ್ಲೂ ವ್ಯತ್ಯಾಸವಿದೆ ಎಂದು 2003ರಲ್ಲಿ ಪ್ರಕಟಿಸಿದರು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ನಿಷೇಧಿಸಿದ್ದು 2011ರಲ್ಲಿ. ಅಂದಿನ ಆ ಮಕ್ಕಳು ಈಗ ಮೂವತ್ತು, ನಲವತ್ತರ ಪ್ರಾಯದವರು. ಅದು ವೀರ್ಯಾಣು ಎಣಿಸಿದ ಅಧ್ಯಯನ ಅಲ್ಲ, ಹಾಗಾಗಿ ಆ ಊರಿನವರಿಗೆಲ್ಲ ಮಕ್ಕಳಾಗುವುದಿಲ್ಲ ಎಂದು ಯಾರೂ ಹೇಳಬಾರದು, ಹೆದರಲೂಬಾರದು. ಆದರೆ ಗೇರುತೋಟದ ಬುಡದಲ್ಲಿ ಬೆಳೆದವರು ಆ ಮಾತನ್ನು ಡಾಕ್ಟರಿಗೆ ಹೇಳಬೇಕು, ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೋಸ್ಟೆರಾನ್ ಮೂರನ್ನೂ ಬೆಳಿಗ್ಗೆಯೇ ಪರೀಕ್ಷೆ ಮಾಡಿಸಬೇಕು. ಈಗಲೂ ತೋಟಕ್ಕೆ ಕೀಟನಾಶಕ ಹೊಡೆಯುವವರು ಕೈಗವಸು, ಮುಖಕ್ಕೆ ಮಾಸ್ಕ್, ಉದ್ದ ತೋಳಿನ ಅಂಗಿ ಹಾಕಿ, ಕೆಲಸ ಮುಗಿದ ಕೂಡಲೇ ಮಿಂದು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಒದ್ದೆಯಾದ ಲುಂಗಿಯಲ್ಲೇ ಸಂಜೆ ತನಕ ಇರುವುದು ಎಲ್ಲಕ್ಕಿಂತ ಕೆಟ್ಟದು.

ಸೊನ್ನೆ ಎಂದು ಬಂದರೆ

‘ಅಜೂಸ್ಪರ್ಮಿಯಾ’ ಎಂದರೆ ಸ್ಯಾಂಪಲ್‌ನಲ್ಲಿ ಒಂದೂ ವೀರ್ಯಾಣು ಕಂಡಿಲ್ಲ. ಹಾಗೆ ಬರೆಯುವ ಮೊದಲು ವೀರ್ಯವನ್ನು ಯಂತ್ರದಲ್ಲಿ ತಿರುಗಿಸಿ, ಅಡಿಗೆ ಕೂತದ್ದನ್ನು ಹುಡುಕಿರಬೇಕು. ರಿಪೋರ್ಟಿನಲ್ಲಿ ಆ ಮಾತು ಇಲ್ಲದಿದ್ದರೆ ಕೇಳಿ. ಖಚಿತಪಡಿಸಲು ಎರಡನೇ ಸ್ಯಾಂಪಲ್ ಬೇಕೇ ಬೇಕು.

ಆಮೇಲಿನ ಪ್ರಶ್ನೆ ಒಂದೇ: ತಯಾರಾಗುತ್ತಿಲ್ಲವೋ, ತಯಾರಾಗಿಯೂ ದಾರಿ ಕಟ್ಟಿದೆಯೋ. ವೃಷಣ ಸಣ್ಣದು, ಎಫ್‌ಎಸ್‌ಎಚ್ ಹೆಚ್ಚು ಎಂದರೆ ತಯಾರಿಯಲ್ಲೇ ತೊಂದರೆ. ಮೆದುಳು ಕೂಗಿ ಕರೆದರೂ ಕಾರ್ಖಾನೆ ಓಗೊಡುತ್ತಿಲ್ಲ. ಇಂಥವರಿಗೂ, ಸಂಖ್ಯೆ ಮಿ.ಲೀ.ಗೆ 50 ಲಕ್ಷಕ್ಕಿಂತ ಕೆಳಗಿರುವವರಿಗೂ ಕ್ರೋಮೋಸೋಮ್ ಪರೀಕ್ಷೆ ಹೇಳುವುದುಂಟು. ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿಗೆ ಇರುವ ಕ್ಲೈನ್‌ಫೆಲ್ಟರ್ ಸ್ಥಿತಿ ಸುಮಾರು 600 ಗಂಡಸರಲ್ಲಿ ಒಬ್ಬರಿಗೆ ಇರುತ್ತದೆ, ಅನೇಕರಿಗೆ ಅದು ಗೊತ್ತಾಗುವುದೇ ಈ ಪರೀಕ್ಷೆಯಲ್ಲಿ. ಎಫ್‌ಎಸ್‌ಎಚ್, ಎಲ್‌ಎಚ್ ಎರಡೂ ತೀರ ಕಡಿಮೆ ಇದ್ದರೆ ಅಪ್ಪಣೆಯೇ ಬರುತ್ತಿಲ್ಲ ಎಂದರ್ಥ. ಇದು ಹಾರ್ಮೋನ್ ಇಂಜೆಕ್ಷನ್ನಿಗೆ (ಟೆಸ್ಟೋಸ್ಟೆರಾನ್ ಅಲ್ಲ) ಚೆನ್ನಾಗಿ ಬಗ್ಗುವ ಕಾಯಿಲೆ, ತಿಂಗಳುಗಳ ತಾಳ್ಮೆ ಬೇಕು.

ವೃಷಣ ತುಂಬಿಕೊಂಡಿದೆ, ಎಫ್‌ಎಸ್‌ಎಚ್ ಸರಿ ಇದೆ, ಆದರೂ ಸೊನ್ನೆ ಎಂದರೆ ದಾರಿಯನ್ನು ನೋಡಬೇಕು. ಪರಿಮಾಣ ಅರ್ಧ ಮಿ.ಲೀ.ಯಷ್ಟು, ಪಿಎಚ್ 7.2ಕ್ಕಿಂತ ಕಡಿಮೆ, ಫ್ರಕ್ಟೋಸ್ ಇಲ್ಲ ಎಂದಿದ್ದರೆ ವೀರ್ಯಕೋಶದ ದ್ರವವೇ ಬಂದಿಲ್ಲ, ಬಂದದ್ದು ಪ್ರಾಸ್ಟೇಟಿನ ಆಮ್ಲೀಯ ದ್ರವ ಮಾತ್ರ. ಆಗ ವೀರ್ಯನಾಳ ಹುಟ್ಟಿನಿಂದಲೇ ಇಲ್ಲವೋ ಎಂದು ಬೆರಳಿನಲ್ಲೇ ತಿಳಿಯಬಹುದು. ಇದ್ದರೆ ಅದು ಚೀಲದ ಮೇಲ್ಭಾಗದಲ್ಲಿ ಹುರಿಹಗ್ಗದಂತೆ ಗಟ್ಟಿಯಾಗಿ ಸಿಗುತ್ತದೆ. ಪರಿಮಾಣ ಸರಿ ಇದ್ದೂ ಸೊನ್ನೆ ಎಂದರೆ ತಡೆ ಕೆಳಗೆ, ಎಪಿಡಿಡಿಮಿಸ್ ಬಳಿ ಅಥವಾ ಹಳೆಯ ಹರ್ನಿಯಾ ಆಪರೇಷನ್ನಿನ ಜಾಗದಲ್ಲಿ ಇರಬಹುದು. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಮೂತ್ರಕೋಶದ ಬಾಯಿ ಮುಚ್ಚದೆ ವೀರ್ಯ ಹಿಂದಕ್ಕೆ ಹೋಗುವುದೂ ಉಂಟು. ಸ್ಖಲನದ ನಂತರದ ಮೊದಲ ಮೂತ್ರವನ್ನು ಪರೀಕ್ಷಿಸಿದರೆ ಅದರಲ್ಲೇ ವೀರ್ಯಾಣು ಸಿಗುತ್ತದೆ.

ದಾರಿ ಕಟ್ಟಿದವರಲ್ಲಿ ಎಪಿಡಿಡಿಮಿಸ್‌ನಿಂದಲೋ ವೃಷಣದಿಂದಲೋ ಸೂಜಿಯಲ್ಲಿ ವೀರ್ಯಾಣು ತೆಗೆದು, ಒಂದೊಂದನ್ನು ಒಂದೊಂದು ಅಂಡದೊಳಗೆ ಚುಚ್ಚುವ ಇಕ್ಸಿ ವಿಧಾನ 1992ರಿಂದ ಬಳಕೆಯಲ್ಲಿದೆ. ತಯಾರಿಯಲ್ಲೇ ತೊಂದರೆ ಇರುವವರಲ್ಲೂ ಕೆಲವರ ವೃಷಣದಲ್ಲಿ ಅಲ್ಲಲ್ಲಿ ವೀರ್ಯಾಣು ಸಿಗುತ್ತದೆ. ಇದನ್ನು ಮಾಡುವ ಕೇಂದ್ರ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ) ಕಾಯಿದೆಯಡಿ ನೋಂದಣಿ ಆಗಿರಬೇಕು, ಆ ಪತ್ರವನ್ನು ಕೇಳಿ ನೋಡುವ ಹಕ್ಕು ನಿಮಗಿದೆ. ಸಹಿ ಹಾಕುವ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ. ಮೊದಲ ಪರೀಕ್ಷೆಯಿಂದ ಹಿಡಿದು ಎಲ್ಲ ರಿಪೋರ್ಟಿನ ಮೂಲಪ್ರತಿಯನ್ನು ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ. ಪ್ರತಿಯೊಂದರ ಮೇಲೂ ಎಷ್ಟು ದಿನದ ಅಂತರ ಇತ್ತು, ಚೆಲ್ಲಿತ್ತೇ, ಜ್ವರ ಬಂದಿತ್ತೇ ಎಂದು ಪೆನ್ಸಿಲಿನಲ್ಲಿ ಬರೆದಿಡಿ.